ಬೆಲ್ಟ್ ಗ್ರೈಂಡರಿಗೆ ಮಿಸ್ಟ್ ಕೂಲಿಂಗ್: ನೀರು ಕಡಿಮೆ ಇರಲಿ, ಗುರಿ ಸರಿಯಿರಲಿ

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಅಡುಗೆ ಚಾಕು, ಅಡಿಕೆ ಸುಲಿಯುವ ಕತ್ತಿ, ಸಣ್ಣ ಮಚ್ಚು ಮಾಡುತ್ತೇನೆ. ಹೆಚ್ಚಾಗಿ ಲಾರಿಯ ಕಮಾನು ಪಟ್ಟಿ, ಕೆಲವಕ್ಕೆ ಇಎನ್ 31 (ಬೇರಿಂಗ್ ಸ್ಟೀಲು). ಗ್ರೈಂಡರು 2×72 ಇಂಚಿನದು. 2 ಎಚ್‌ಪಿ, 2880 ಆರ್‌ಪಿಎಂ ಮೋಟಾರು, 125 ಮಿ.ಮೀ. ಡ್ರೈವ್ ವೀಲು, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಇದೆ. ಟೆಂಪರ್ (ಗಡಸು ಮಾಡಿದ ಅಲಗನ್ನು ಹದಕ್ಕೆ ಕಾಯಿಸುವುದು) ಆದಮೇಲೆ ಬೆವೆಲ್ (ಬಾಯಿಯ ಕಡೆಗಿನ ಇಳಿಜಾರು) ಉಜ್ಜುವಾಗ ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೆಗೆದರೂ ತುದಿಯ ಕಡೆ ಬಾಯಿ ನೀಲಿಯಾಗುತ್ತದೆ. 1 ಎಚ್‌ಪಿ, 50 ಲೀಟರಿನ ಕಂಪ್ರೆಸರ್ ಇದೆ. ಇದರಲ್ಲೇ ಮಿಸ್ಟ್ ಕೂಲಿಂಗ್, ಅಂದರೆ ಗಾಳಿಯಿಂದ ಒಡೆದ ನೀರಿನ ಮಂಜು ಹಾರಿಸಿ ತಂಪು ಮಾಡುವುದು, ಹಾಕಬಹುದೇ? ಬೋರ್ ನೀರು ನಡೆಯುತ್ತದೆಯೇ? ಲೇಥಿಗೆ ಹಾಕುವ ಕಟಿಂಗ್ ಆಯಿಲ್ ಸಾಕೇ? ಕರೆಂಟಿನ ಭಯವೂ ಇದೆ. ಹಿಡಿಯ ಮರವನ್ನೂ ಇದೇ ಮಷೀನಿನಲ್ಲಿ ಉಜ್ಜುತ್ತೇನೆ, ಅದಕ್ಕೇನು ಮಾಡಬೇಕು?

ಉತ್ತರ: ಹಾಕಬಹುದು, ನಿಮ್ಮ ಕಂಪ್ರೆಸರಿನಲ್ಲೇ ನಡೆಯುತ್ತದೆ. ಆದರೆ ಮಿಸ್ಟಿಗೆ ದುಡ್ಡು ಹಾಕುವ ಮುಂಚೆ ವಿಎಫ್‌ಡಿಯ ನಾಬ್ ಕಡೆ ಕೈ ಹೋಗಲಿ. 125 ಮಿ.ಮೀ. ವೀಲು 50 ಹರ್ಟ್ಸ್‌ನಲ್ಲಿ ಬೆಲ್ಟನ್ನು ಸೆಕೆಂಡಿಗೆ ಸುಮಾರು 19 ಮೀಟರ್ ಓಡಿಸುತ್ತದೆ. ಇನ್ನೂ ಗಡಸು ಮಾಡದ ಕಬ್ಬಿಣದಲ್ಲಿ ಆಕಾರ ತೆಗೆಯಲು ಅದು ಒಳ್ಳೆಯ ವೇಗ. ಟೆಂಪರ್ ಆದ, ಅರ್ಧ ಮಿಲಿಮೀಟರಿಗೆ ಇಳಿದ ಬಾಯಿಗೆ ಅಲ್ಲ. 25 ಹರ್ಟ್ಸ್‌ಗೆ ಇಳಿಸಿದರೆ ವೇಗ 9.4 ಮೀಟರ್ ಆಗುತ್ತದೆ, ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. 20 ಹರ್ಟ್ಸ್‌ಗಿಂತ ಕೆಳಗೆ ಗಂಟೆಗಟ್ಟಲೆ ಓಡಿಸಬೇಡಿ. ಮೋಟಾರಿನ ಹಿಂದಿನ ಫ್ಯಾನ್ ಅದರ ಶಾಫ್ಟಿನ ಮೇಲೇ ಇರುವುದರಿಂದ ನಿಧಾನವಾದಷ್ಟೂ ಮೋಟಾರು ತಾನೇ ಕಾಯುತ್ತದೆ.

ಎರಡನೆಯದು ಬೆಲ್ಟು. ಮೊಂಡಾದ ಬೆಲ್ಟು ಕತ್ತರಿಸುವುದಿಲ್ಲ, ಬರೀ ತಿಕ್ಕುತ್ತದೆ, ತಿಕ್ಕಿದ್ದೆಲ್ಲ ಬಿಸಿ. ದುಡ್ಡು ಉಳಿಸಲು ಹಳೇ ಬೆಲ್ಟನ್ನೇ ಕೊನೇ ಪಾಸಿಗೆ ಹಾಕುವವರು ಬಹಳ ಮಂದಿ. ಹೊಸ ಬೆಲ್ಟು ಬೇಕಾಗಿರುವುದೇ ಆ ಹೊತ್ತಿಗೆ. ವೇಗ ಇಳಿಸಿ, ಹೊಸ ಬೆಲ್ಟು ಹಾಕಿ ನೋಡಿ. ಅರ್ಧ ತೊಂದರೆ ಅಲ್ಲೇ ನಿಲ್ಲುತ್ತದೆ. ಉಳಿದರ್ಧಕ್ಕೆ ಮಿಸ್ಟ್.

ನೀಲಿ ಬಣ್ಣ ಏನು ಹೇಳುತ್ತಿದೆ

ಕಾರ್ಬನ್ ಸ್ಟೀಲಿನ ಮೇಲೆ ಸುಮಾರು 205 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲಿನ ಬಣ್ಣ ಬರುತ್ತದೆ. 240ಕ್ಕೆ ಅದು ಗಾಢವಾಗುತ್ತದೆ, 255ಕ್ಕೆ ಕಂದು, 275ರ ಸುತ್ತ ನೇರಳೆ, 290 ದಾಟಿದರೆ ನೀಲಿ. ಇಎನ್ 31 ಅನ್ನು ನೀವು 180–200ರಲ್ಲಿ ಟೆಂಪರ್ ಮಾಡಿದ್ದರೆ ಹುಲ್ಲಿನ ಬಣ್ಣ ಕಂಡಾಗಲೇ ಹದ ಇಳಿಯಲು ಶುರುವಾಗಿದೆ ಎಂದು ಲೆಕ್ಕ. ನೀಲಿ ಕಂಡಿತೆಂದರೆ ಆ ಜಾಗದ ಹದ ಹೋಯಿತು. ಆಮೇಲೆ ನೀರಿಗೆ ಅದ್ದಿದರೆ ಅಲಗು ತಣ್ಣಗಾಗುತ್ತದೆಯೇ ಹೊರತು ಹೋದ ಗಡಸುತನ ವಾಪಸ್ ಬರುವುದಿಲ್ಲ.

ಬಣ್ಣ ಕಾಣದಿದ್ದರೆ ಬಚಾವ್ ಎಂದೂ ಅಲ್ಲ. ಸುಟ್ಟ ಪದರವನ್ನು ಬೆಲ್ಟೇ ಒರೆಸಿಕೊಂಡು ಹೋಗುತ್ತದೆ, ಮುಂದಿನ ಪಾಸಿನಲ್ಲಿ ಬಿಳೀ ಲೋಹ ಹೊಳೆಯುತ್ತದೆ, ಕೆಳಗೆ ಮೆತ್ತಗಾದ ಕಬ್ಬಿಣ ಹಾಗೇ ಇರುತ್ತದೆ. ಬಕೆಟ್ಟಿನ ವಿಧಾನ ಸೋಲುವುದೂ ಇಲ್ಲೇ. ದಪ್ಪ ಅಲಗು ಬಿಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಯಿ ತೆಳುವಾದಷ್ಟೂ, ಅದರಲ್ಲೂ ತುದಿಯಲ್ಲಿ, ಬಿಸಿ ಓಡಿಹೋಗಲು ಲೋಹವೇ ಇರುವುದಿಲ್ಲ. ಎರಡು ಅದ್ದುವಿಕೆಗಳ ನಡುವಿನ ಒಂದೇ ಪಾಸಿನಲ್ಲಿ ತುದಿ ಸುಡುತ್ತದೆ. ಬೆರಳಿಗೆ ಬಿಸಿ ತಾಗುವ ಹೊತ್ತಿಗೆ ಬಾಯಿಯ ಕಥೆ ಮುಗಿದಿರುತ್ತದೆ, ಏಕೆಂದರೆ ಬೆರಳು ಇರುವುದು ಬೆನ್ನಿನ ಕಡೆ.

ಈಗಾಗಲೇ ನೀಲಿಯಾದ ಅಲಗು ಇದ್ದರೆ ಬಣ್ಣ ಬಂದ ಅಂಚಿನಿಂದ ಒಂದು ಮಿಲಿಮೀಟರಿನಷ್ಟು ತಣ್ಣಗೆ ಉಜ್ಜಿ ತೆಗೆದು ಹೊಸ ಬಾಯಿ ಕಟ್ಟಿ. ಅಷ್ಟು ಅಗಲ ಬಿಡುವಂತಿಲ್ಲ ಎಂದಾದರೆ ಮತ್ತೆ ಹಾರ್ಡನಿಂಗ್ (ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡುವುದು) ಮಾಡಿ ಟೆಂಪರ್ ಮಾಡಬೇಕು, ಬೇರೆ ದಾರಿ ಇಲ್ಲ.

ಎಷ್ಟು ನೀರು ಬೇಕು

ಮಿಸ್ಟಿನ ತಂಪು ನೀರು ಹರಿಯುವುದರಿಂದ ಬರುವುದಲ್ಲ, ಆವಿಯಾಗುವುದರಿಂದ ಬರುವುದು. ಮಣ್ಣಿನ ಮಡಕೆಯ ನೀರು ತಣ್ಣಗಾಗುವ ಹಾಗೆ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100ಕ್ಕೆ ಕಾಯಿಸಲು ಸುಮಾರು 290 ಕಿಲೋಜೂಲ್ ಸಾಕು. ಅದೇ ಲೀಟರು ಆವಿಯಾಗಲು 2,257 ಕಿಲೋಜೂಲ್ ಎಳೆದುಕೊಳ್ಳುತ್ತದೆ. ಗಂಟೆಗೆ 300 ಮಿ.ಲೀ. ಪೂರ್ತಿ ಆವಿಯಾದರೆ ಹತ್ತಿರ ಹತ್ತಿರ 210 ವ್ಯಾಟ್ ಬಿಸಿ ಹೊತ್ತೊಯ್ಯುತ್ತದೆ. ಕೊನೇ ಪಾಸುಗಳಲ್ಲಿ ಹಗುರವಾಗಿ ಒತ್ತುವಾಗ ಅಲಗಿಗೆ ಇಳಿಯುವ ಬಿಸಿಗೆ ಇದು ಧಾರಾಳ. ಎಲ್ಲ ಹನಿಯೂ ಅಲಗಿಗೆ ತಲುಪುವುದಿಲ್ಲವಾದ್ದರಿಂದ ಗಂಟೆಗೆ 300ರಿಂದ 500 ಮಿ.ಲೀ. ಇಟ್ಟುಕೊಳ್ಳಿ. ಬಾಟಲಿಗೆ ಸ್ಕೇಲಿನ ಗುರುತು ಅಂಟಿಸಿ ಹತ್ತು ನಿಮಿಷ ಓಡಿಸಿ. 50ರಿಂದ 80 ಮಿ.ಲೀ. ಇಳಿದಿರಬೇಕು. ಅದಕ್ಕಿಂತ ಹೆಚ್ಚು ಹರಿದರೆ ತಂಪು ಹೆಚ್ಚುವುದಿಲ್ಲ, ನೆಲ ಒದ್ದೆಯಾಗುತ್ತದೆ ಅಷ್ಟೇ.

ನಮ್ಮ ಕಡೆಯ ಹವೆ ಇದಕ್ಕೆ ಅನುಕೂಲವೇ. ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 20ಕ್ಕೆ ಇಳಿದಿದ್ದರೆ, ಗಾಳಿಯಲ್ಲಿ ತೇಲುವ ಸಣ್ಣ ಹನಿ 21 ಡಿಗ್ರಿಯವರೆಗೂ ತಣ್ಣಗಾಗಬಲ್ಲದು. ಮಳೆಗಾಲದಲ್ಲಿ ಅಷ್ಟು ಸಿಗದು. ಆಗ ನೀರನ್ನು 500ರ ಕಡೆಗೆ ಏರಿಸಿ, ತುಕ್ಕಿನ ಮೇಲೆ ಕಣ್ಣಿಡಿ.

ಕೃಷಿ ಸ್ಪ್ರೇಯರಿನ ನಾಜಲ್ ಅಥವಾ ಪಾಲಿಹೌಸಿನ ಫಾಗರ್ ಹಾಕಿದರೆ ಆಗದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತವೆ, ನಿಜ. ಅವು ನೀರಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಗಂಟೆಗೆ ಲೀಟರುಗಟ್ಟಲೆ ಸುರಿಯುತ್ತವೆ. ನಿಮಗೆ ಬೇಕಾದದ್ದು ಗಾಳಿಯೇ ನೀರನ್ನು ಎಳೆದು ಒಡೆಯುವ ಸೈಫನ್ ನಾಜಲ್. ಸಿಎನ್‌ಸಿ ಮತ್ತು ಮಿಲ್ಲಿಂಗ್ ಮಷೀನಿಗೆಂದು ಬಗ್ಗುವ ಕೊಳವೆ, ಮ್ಯಾಗ್ನೆಟ್ ಬೇಸ್ ಸಮೇತ ಮಾರುವ ಮಿಸ್ಟ್ ಕೂಲೆಂಟ್ ಕಿಟ್ಟು ಸಾಕು.

ಕಂಪ್ರೆಸರ್ ಲೆಕ್ಕ

ಕಂಪ್ರೆಸರಿನ ಪ್ಲೇಟಿನ ಮೇಲೆ ಬರೆದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಪಿಸ್ಟನ್ನಿನ ಲೆಕ್ಕದ್ದು. ಕೈಗೆ ಸಿಗುವುದು ಅದರ ಶೇ. 60–70 ಮಾತ್ರ. ಪ್ಲೇಟು 4 ಸಿಎಫ್‌ಎಂ ಎಂದರೆ ನಿಜಕ್ಕೆ ಎರಡೂವರೆ, ಅಂದರೆ ನಿಮಿಷಕ್ಕೆ 70 ಲೀಟರ್ ಆಸುಪಾಸು. 2 ಬಾರ್ ಒತ್ತಡದಲ್ಲಿ 1 ಮಿ.ಮೀ. ತೂತು ನಿಮಿಷಕ್ಕೆ ಸುಮಾರು 25 ಲೀಟರ್ ಗಾಳಿ ಕುಡಿಯುತ್ತದೆ, ಒಂದೂವರೆ ಮಿ.ಮೀ. ತೂತು 55, 2 ಮಿ.ಮೀ. ತೂತು 100. ಹಾಗಾಗಿ ನಿಮ್ಮ 1 ಎಚ್‌ಪಿಗೆ 1ರಿಂದ 1.2 ಮಿ.ಮೀ. ಗಾಳಿ ತೂತಿನ ನಾಜಲ್ ಸರಿ. ಕಂಪ್ರೆಸರ್ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ಸುಧಾರಿಸಿಕೊಳ್ಳುತ್ತದೆ. ಒಂದೂವರೆಯದು ಹಾಕಿದರೆ ಅದು ನಿಲ್ಲುವುದೇ ಕಷ್ಟ, ಬೇಸಿಗೆಯಲ್ಲಿ ಹೆಡ್ ಕೆಂಡವಾಗುತ್ತದೆ.

ಕಿಟ್ಟಿನ ಡಬ್ಬಿಯ ಮೇಲೆ ತೂತಿನ ಅಳತೆ ಬರೆದಿರುವುದಿಲ್ಲ, ಬರೆದಿದ್ದರೂ ನಂಬುವ ಹಾಗಿರುವುದಿಲ್ಲ. ಅಳೆಯುವುದು ಸುಲಭ. ಟ್ಯಾಂಕನ್ನು 7 ಬಾರ್‌ಗೆ ತುಂಬಿ ಕಂಪ್ರೆಸರ್ ಸ್ವಿಚ್ ಆಫ್ ಮಾಡಿ, ರೆಗ್ಯುಲೇಟರ್ 2 ಬಾರ್‌ಗೆ ಇಟ್ಟು ನಾಜಲ್ ಬಿಡಿ. ಟ್ಯಾಂಕಿನ ಮುಳ್ಳು 6ರಿಂದ 5ಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ನೋಡಿ. 50 ಲೀಟರಿನ ಟ್ಯಾಂಕಿನಲ್ಲಿ ಒಂದು ಬಾರ್ ಇಳಿದರೆ 50 ಲೀಟರ್ ಗಾಳಿ ಖರ್ಚಾಯಿತು ಎಂದರ್ಥ. ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 25 ಲೀಟರ್, ಒಳ್ಳೆಯದು. ಒಂದು ನಿಮಿಷಕ್ಕಿಂತ ಬೇಗ ಇಳಿದರೆ ನಾಜಲ್ ದೊಡ್ಡದಾಯಿತು, ಬದಲಿಸಿ. ದೊಡ್ಡ ಟ್ಯಾಂಕ್ ಹಾಕಿದರೆ ಇದು ಸರಿಹೋಗುವುದಿಲ್ಲ. ಟ್ಯಾಂಕು ಕೂಡಿಟ್ಟಿದ್ದನ್ನು ಕೊಡುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ.

ಜೋಡಣೆ

ಕಂಪ್ರೆಸರಿನಿಂದ ಹೊರಟ ಗಾಳಿ ಮೊದಲು ಫಿಲ್ಟರ್-ರೆಗ್ಯುಲೇಟರಿಗೆ ಬರಲಿ. ಅಂಗಡಿಯಲ್ಲಿ ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಜೋಡಿ) ಕೇಳಿದರೆ ಲೂಬ್ರಿಕೇಟರ್ ಸೇರಿಸಿಯೇ ಕೊಡುತ್ತಾರೆ, ಆ ಬಟ್ಟಲು ಬೇಡ. ಅದು ಗಾಳಿಗೆ ಎಣ್ಣೆ ಬೆರೆಸುತ್ತದೆ, ಆ ಎಣ್ಣೆಯನ್ನು ನೀವು ಉಸಿರಾಡುತ್ತೀರಿ. ಕಾಲಿಂಚಿನ ಬಿಎಸ್‌ಪಿ ಫಿಟ್ಟಿಂಗು, 8 ಮಿ.ಮೀ. ಪಿಯು ಟ್ಯೂಬು, ಪುಶ್ ಕನೆಕ್ಟರುಗಳು, ಗ್ರೈಂಡರಿನ ಹತ್ತಿರ ಕೈಗೆ ಸಿಗುವ ಹಾಗೆ ಒಂದು ಬಾಲ್ ವಾಲ್ವ್. ಅದರಾಚೆ ನಾಜಲ್ ಬ್ಲಾಕು.

ನೀರಿನ ಕಡೆಗೆ ಒಂದೆರಡು ಲೀಟರಿನ ಬಾಟಲಿ, ಅದರೊಳಗೆ ತುದಿಗೆ ಜಾಲರಿ ಫಿಲ್ಟರೂ ಹಿಂದಕ್ಕೆ ಹರಿಯದಂಥ ಚೆಕ್ ವಾಲ್ವೂ ಇರುವ 6 ಮಿ.ಮೀ. ಟ್ಯೂಬು, ನಾಜಲ್ ಬ್ಲಾಕಿನಲ್ಲಿ ನೀಡಲ್ ವಾಲ್ವು. ಬಾಟಲಿಯ ಎತ್ತರದ ಬಗ್ಗೆ ಉದಾಸೀನ ಬೇಡ. ನೀರಿನ ಮಟ್ಟ ನಾಜಲ್‌ಗಿಂತ 100ರಿಂದ 200 ಮಿ.ಮೀ. ಕೆಳಗಿರಲಿ. ಮೇಲಿಟ್ಟರೆ ಗಾಳಿ ನಿಂತಮೇಲೂ ನೀರು ತಾನಾಗಿ ತೊಟ್ಟಿಕ್ಕುತ್ತದೆ, ರಾತ್ರಿಯಿಡೀ. ನೆಲದ ಮೇಲಿಟ್ಟರೆ ಸೈಫನ್ ಎಳೆಯಲಾರದೆ ತುಪುಕ್ ತುಪುಕ್ ಎಂದು ಬಿಟ್ಟುಬಿಟ್ಟು ಉಗುಳುತ್ತದೆ. ಗ್ರೈಂಡರಿನ ಸ್ಟ್ಯಾಂಡಿನ ಕಂಬಕ್ಕೆ ಒಂದು ಪಟ್ಟಿ ಬೆಸೆದು ಬಾಟಲಿ ಕೂರಿಸಿ. ಕುತ್ತಿಗೆ ಸಣ್ಣದಾಗಿ ಹೊಟ್ಟೆ ಅಗಲವಿರುವ ಬಾಟಲಿಯಾದರೆ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಹರಿವು ಪದೇ ಪದೇ ಬದಲಾಗುವುದಿಲ್ಲ. ಮುಚ್ಚಳದಲ್ಲಿ ಗಾಳಿ ಹೋಗಲು 2 ಮಿ.ಮೀ. ತೂತು ಮರೆಯಬೇಡಿ.

ಮೋಟಾರು ಓಡಿದಾಗ ಮಾತ್ರ ಮಿಸ್ಟ್ ಬರಬೇಕೆಂದರೆ ಬಾಲ್ ವಾಲ್ವಿನ ನಂತರ 24 ವೋಲ್ಟ್ ಡಿಸಿ ಸೊಲೆನಾಯ್ಡ್ ವಾಲ್ವ್ ಹಾಕಿ, ವಿಎಫ್‌ಡಿಯ ರಿಲೇ ಔಟ್‌ಪುಟ್ಟನ್ನು ‘ರನ್’ಗೆ ಸೆಟ್ ಮಾಡಿ ಅದರ ಮೂಲಕ ಓಡಿಸಬಹುದು. ಒದ್ದೆ ಜಾಗದಲ್ಲಿ 230 ವೋಲ್ಟಿನ ಕಾಯಿಲ್ ಬೇಡ. ಕಾಲಿನ ಪೆಡಲ್ ಇದ್ದರೆ ಇನ್ನೂ ಒಳ್ಳೆಯದು. ಅಲಗು ಬೆಲ್ಟಿಗೆ ತಾಗುವ ಹೊತ್ತಿಗಷ್ಟೇ ಮಿಸ್ಟ್, ನೀರೂ ಗಾಳಿಯೂ ಅರ್ಧ ಉಳಿಯುತ್ತವೆ.

ನಾಜಲ್ ಎತ್ತ ನೋಡಬೇಕು

ಕಿಟ್ಟು ಚೆನ್ನಾಗಿದ್ದು ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಅಲಗಿನ ಮುಖಕ್ಕೆ ಎದುರಿನಿಂದ ಊದುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದರಿಂದ ಕಣ್ಣಿಗೆ ಕಾಣುವ ಕಡೆ ಒದ್ದೆಯಾಗುತ್ತದೆ, ಬೆಲ್ಟಿಗೆ ತಾಗಿರುವ ಕಡೆ ಒಣಗೇ ಇರುತ್ತದೆ. ಓಡುವ ಬೆಲ್ಟು ತನ್ನ ಮೈಗೆ ಅಂಟಿಕೊಂಡ ಗಾಳಿಯ ಪದರವೊಂದನ್ನೂ ಎಳೆದುಕೊಂಡು ಹೋಗುತ್ತದೆ, ಮಂಜಿನಂಥ ಹನಿಗಳನ್ನು ಆ ಪದರ ಪಕ್ಕಕ್ಕೆ ತಳ್ಳಿಬಿಡುತ್ತದೆ. ವೇಗ ಹೆಚ್ಚಿದಷ್ಟೂ ತಳ್ಳು ಹೆಚ್ಚು. 19 ಮೀಟರ್ ವೇಗದಲ್ಲಿ ಮಿಸ್ಟ್ ಉಪಯೋಗಕ್ಕೇ ಬರಲಿಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಬೆಲ್ಟು ಪ್ಲೇಟನ್ (ಬೆಲ್ಟಿಗೆ ಹಿಂದಿನಿಂದ ಆಸರೆ ಕೊಡುವ ಚಪ್ಪಟೆ ಪಟ್ಟಿ) ಮೇಲೆ ಮೇಲಿಂದ ಕೆಳಕ್ಕೆ ಓಡುತ್ತದೆ. ನೀವು ಅಲಗು ಹಿಡಿಯುವ ಜಾಗದಿಂದ 50–75 ಮಿ.ಮೀ. ಮೇಲೆ, ಬೆಲ್ಟಿನ ಮುಖಕ್ಕೆ 20–30 ಡಿಗ್ರಿ ಓರೆಯಾಗಿ, ಕೆಳಮುಖವಾಗಿ ನಾಜಲ್ ನಿಲ್ಲಿಸಿ. ನಾಜಲ್ ತುದಿಯಿಂದ ಬೆಲ್ಟಿಗೆ 60–80 ಮಿ.ಮೀ. ಅಂತರ. ಹನಿಗಳು ಬೆಲ್ಟಿನ ಮೇಲೆ ಕೂತು, ಬೆಲ್ಟೇ ಅವನ್ನು ಅಲಗಿನ ಕೆಳಗೆ, ಬಿಸಿ ಹುಟ್ಟುವ ಸಂದಿಗೆ ಒಯ್ಯಬೇಕು. ಚೆಲ್ಲಿದ ಮಿಸ್ಟಿನಲ್ಲಿ ಒಂದಷ್ಟು ಅಲಗಿನ ಮೇಲಂಚಿಗೂ ತಾಗಲಿ. ಕೈಗೆ ಅಡ್ಡ ಬರದ ಹಾಗೆ ನಾಜಲ್ಲನ್ನು ಎಡಗಡೆಯಿಂದಲೋ ಬಲಗಡೆಯಿಂದಲೋ ತನ್ನಿ. ಅಲಗನ್ನು ಎರಡೂ ಬದಿಗೆ ತಿರುಗಿಸಿ ಉಜ್ಜುವಾಗ ಹಿಡಿಯ ತುದಿ ನಾಜಲ್‌ಗೆ ಬಡಿಯುತ್ತದೆಯೇ ಎಂದು ಮಷೀನ್ ನಿಲ್ಲಿಸಿಯೇ ನೋಡಿಕೊಳ್ಳಿ.

ಹೊಂದಿಸುವಾಗ ನೀಡಲ್ ಪೂರ್ತಿ ಮುಚ್ಚಿ, ಗಾಳಿಯನ್ನು ಒಂದೂವರೆ ಬಾರ್‌ಗೆ ಬಿಡಿ. ಆಮೇಲೆ ನೀಡಲ್ಲನ್ನು ಕಾಲು ಸುತ್ತು ಬಿಚ್ಚಿ, ನೀರು ಬರುವವರೆಗೆ ಕಾಯಿರಿ. ಕಪ್ಪು ಮಾರ್ಕರ್ ಬಳಿದ ತಗಡಿನ ತುಂಡನ್ನು, ಬೆಲ್ಟು ನಿಂತಿರುವಾಗ, ಅಲಗಿನ ಜಾಗದಲ್ಲಿ ಎರಡು ಸೆಕೆಂಡು ಹಿಡಿದು ತೆಗೆಯಿರಿ. ತಗಡಿನ ಮೇಲೆ ಬಿಡಿಬಿಡಿ ಸಣ್ಣ ಚುಕ್ಕಿಗಳಿರಬೇಕು. ಚುಕ್ಕಿಗಳು ಕೂಡಿ ಹರಿದರೆ ನೀರು ಜಾಸ್ತಿ. ತಗಡು ಬರೀ ಮಸುಕಾಗಿ, ಶೆಡ್ಡಿನ ದೀಪ ಆರಿಸಿ ಟಾರ್ಚ್ ಬಿಟ್ಟಾಗ ಬೆಳಕಿನ ಕೋಲಿನಲ್ಲಿ ಹೊಗೆಯ ಹಾಗೆ ತೇಲುತ್ತಿದ್ದರೆ ಗಾಳಿ ಜಾಸ್ತಿ, ಒತ್ತಡ ಇಳಿಸಿ. 3 ಬಾರ್ ದಾಟುವ ಅಗತ್ಯ ಬರುವುದಿಲ್ಲ.

ನೀರು, ಎಣ್ಣೆ, ಉಸಿರು

ಬೋರ್ ನೀರು ಬೇಡವೇ ಬೇಡ. ಈ ಭಾಗದ ಬೋರ್ ನೀರು ಗಡಸು. ಹನಿ ಆವಿಯಾದರೂ ಸುಣ್ಣ ಉಳಿಯುತ್ತದೆ. ಮೊದಲು ನಾಜಲ್ ತುದಿಗೆ ಬಿಳೀ ಚೆಕ್ಕೆ ಕಟ್ಟುತ್ತದೆ, ಆಮೇಲೆ ಹರಿವು ವಾಲುತ್ತದೆ, ಕೊನೆಗೆ ನಿಲ್ಲುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ಆರ್‌ಓ ನೀರು ಸಾಕು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) 100ರ ಒಳಗಿರಲಿ. ಈಗಾಗಲೇ ಕಟ್ಟಿಕೊಂಡಿದ್ದರೆ ನಾಜಲ್ ಬಿಚ್ಚಿ ನಿಂಬೆ ಉಪ್ಪಿನ ಶೇ. 5ರ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಾಳದ ನೈಲಾನ್ ದಾರದಿಂದ ತೂತು ಬಿಡಿಸಿ. ಹಿತ್ತಾಳೆ ನಾಜಲ್‌ಗೆ ಸೂಜಿ, ತಂತಿ ತೂರಿಸಿದರೆ ತೂತು ಅಗಲವಾಗಿ, ಸ್ಪ್ರೇ ಒಂದು ಕಡೆ ಓರೆಯಾಗಿ ಹಾರುತ್ತದೆ.

ಬರೀ ನೀರಿಗೆ ತಂಪು ಮಾಡುವ ಶಕ್ತಿ ಪೂರ್ತಿ ಇದೆ, ತುಕ್ಕು ತಡೆಯುವ ಶಕ್ತಿ ಇಲ್ಲ. ಲೇಥಿನ ಹಾಲು ಬಣ್ಣದ ಸಾಲ್ಯುಬಲ್ ಆಯಿಲ್ ಹಾಕಿದರೆ ತುಕ್ಕು ನಿಲ್ಲುತ್ತದೆ, ಆದರೆ ಅದರಲ್ಲಿನ ಮಿನರಲ್ ಎಣ್ಣೆ ಮಿಸ್ಟಾಗಿ ಗಾಳಿ ಸೇರುತ್ತದೆ, ಬೆಲ್ಟಿನ ಕಣಗಳ ನಡುವೆ ಲೋಹದ ಪುಡಿಯನ್ನು ಅಂಟಿಸುತ್ತದೆ. ಎಣ್ಣೆ ಇಲ್ಲದ ಸಿಂಥೆಟಿಕ್ ಗ್ರೈಂಡಿಂಗ್ ಕೂಲೆಂಟ್ ತನ್ನಿ, ಶೇ. 2–3ರಷ್ಟು, ಅಂದರೆ ಲೀಟರಿಗೆ 20–30 ಮಿ.ಲೀ. ಬೆರೆಸಿ. ಯಾವಾಗಲೂ ನೀರಿಗೆ ಕೂಲೆಂಟ್ ಸುರಿಯಬೇಕು, ಕೂಲೆಂಟಿಗೆ ನೀರಲ್ಲ. ನೈಟ್ರೈಟ್ ಇರುವ ಹಳೇ ತುಕ್ಕುನಿರೋಧಕ ಪುಡಿಗಳನ್ನು ಬೆರೆಸಬೇಡಿ. ಕೂಲೆಂಟಿನ ಅಮೈನ್ ಜೊತೆ ಸೇರಿ ಕ್ಯಾನ್ಸರ್ ತರುವಂಥ ನೈಟ್ರೊಸಮೈನ್ ಆಗುತ್ತದೆ. ವಾಷಿಂಗ್ ಸೋಡಾ ನೀರು ಬಕೆಟ್ಟಿಗೆ ಸರಿ, ಮಿಸ್ಟಿಗೆ ಅಲ್ಲ. ಕ್ಷಾರದ ಹನಿ ಮೂಗು ಗಂಟಲನ್ನು ಉರಿಸುತ್ತದೆ.

ಒಂದು ದಿನಕ್ಕೆ ಬೇಕಾದಷ್ಟೇ ಕಲಸಿ. ಬಾಟಲಿಯಲ್ಲಿ ವಾರಗಟ್ಟಲೆ ನಿಂತ ಕೂಲೆಂಟಿನಲ್ಲಿ, ಅದೂ ನಮ್ಮ ಬೇಸಿಗೆಯ ಶೆಡ್ಡಿನಲ್ಲಿ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದನ್ನು ಹನಿ ಮಾಡಿ ಉಸಿರಾಡಿದರೆ ಶ್ವಾಸಕೋಶದ ಅಲರ್ಜಿ ರೋಗ ಬರಬಹುದು. ದಿನದ ಕೊನೆಗೆ ಬಾಟಲಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿ. ಕೊಳೆತ ವಾಸನೆ ಬಂದರೆ ಟ್ಯೂಬೇ ಬದಲಿಸಿ.

ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಲೋಹಕೆಲಸದ ದ್ರವದ ಮಿಸ್ಟಿಗೆ ಸೂಚಿಸಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ ಬರೀ 0.4 ಮಿಲಿಗ್ರಾಂ. ಬಾಗಿಲು ಮುಚ್ಚಿದ ಸಣ್ಣ ಶೆಡ್ಡಿನಲ್ಲಿ ಇದನ್ನು ದಾಟಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಗ್ರೈಂಡರಿನ ಹಿಂದಿನ ಗೋಡೆಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ನಿಮ್ಮ ಬೆನ್ನ ಹಿಂದಿನ ಬಾಗಿಲು ತೆರೆದಿಡಿ. ಗಾಳಿ ಬೆನ್ನಿಂದ ಬಂದು ಮಷೀನ್ ದಾಟಿ ಹೊರಗೆ ಹೋಗಬೇಕು. ಸೆಖೆ ಎಂದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಮಿಸ್ಟು ಬೆಲ್ಟು ಬಿಟ್ಟು ನಿಮ್ಮ ಮುಖಕ್ಕೆ ಬರುತ್ತದೆ. ಮಾಸ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮ: ಎನ್95 ಎಣ್ಣೆಯ ಹನಿಗೆ ಮಾಡಿದ್ದಲ್ಲ. ಸಾಲ್ಯುಬಲ್ ಆಯಿಲನ್ನೇ ಬಳಸುವ ಹಠವಿದ್ದರೆ ಪಿ100 ಫಿಲ್ಟರಿನ ಅರ್ಧಮುಖದ ರೆಸ್ಪಿರೇಟರ್ ಬೇಕು. ಸಿಂಥೆಟಿಕ್ ಬಳಸಿದರೂ ನನ್ನ ಮಟ್ಟಿಗೆ ಅದೇ ಸರಿ. ಒಣ ಉಜ್ಜುವಿಕೆಗೂ ಆಗುತ್ತದೆ. ಹಾಕುವವರ ಗಡ್ಡ ಬೆಳೆದಿದ್ದರೆ ಯಾವ ರೆಸ್ಪಿರೇಟರೂ ಮುಖಕ್ಕೆ ಕೂರುವುದಿಲ್ಲ.

ಬೆಲ್ಟು ಮತ್ತು ಮಷೀನು

ಎಲ್ಲ ಬೆಲ್ಟೂ ನೀರು ತಡೆಯುವುದಿಲ್ಲ. ಪೇಪರ್ ಬೆನ್ನಿನದು ಹತ್ತು ನಿಮಿಷಕ್ಕೇ ಹರಿಯುತ್ತದೆ. ಹತ್ತಿ ಬಟ್ಟೆಯ ಜೆ-ಫ್ಲೆಕ್ಸ್ ಹಿಗ್ಗುತ್ತದೆ, ಜಾಯಿಂಟಿನ ಅಂಟು ಬಿಡುತ್ತದೆ. ಜಾಯಿಂಟ್ ಬಿಟ್ಟ ಬೆಲ್ಟು ಕೈಮೇಲೆ ಚಾವಟಿ ಬೀಸಿದಂತೆಯೇ. ಪಾಲಿಯೆಸ್ಟರ್ ಬೆನ್ನು, ರೆಸಿನ್ ಮೇಲೆ ರೆಸಿನ್ ಬಾಂಡ್ ಇರುವ ಸೆರಾಮಿಕ್ ಅಥವಾ ಜಿರ್ಕೋನಿಯಾ ಬೆಲ್ಟು ತೆಗೆದುಕೊಳ್ಳಿ, ಬೆನ್ನಿನ ಮೇಲೆ ವೆಟ್ ಅಥವಾ ವಾಟರ್‌ಪ್ರೂಫ್ ಎಂದು ಅಚ್ಚಾಗಿರುತ್ತದೆ. ಸಣ್ಣ ಗ್ರಿಟ್ಟಿನಲ್ಲಿ (ನುಣುಪು ಕಣದಲ್ಲಿ) ಅಂಥದ್ದು ಸಿಗದಿದ್ದರೆ 120 ಗ್ರಿಟ್ಟಿನವರೆಗೆ ಮಿಸ್ಟಿನಲ್ಲಿ ತೆಗೆದು, ಮುಂದಿನದನ್ನು ನಿಧಾನ ವೇಗದಲ್ಲಿ ಒಣಗಲ್ಲೇ ಮಾಡಿ.

ಒದ್ದೆಯಾದ ಬೆಲ್ಟು ಟ್ರ್ಯಾಕಿಂಗ್ ಬದಲಿಸುತ್ತದೆ, ಡ್ರೈವ್ ವೀಲಿನ ಮೇಲೆ ಜಾರುತ್ತದೆ, ಪ್ಲೇಟನ್ನಿಗೆ ಹೀರಿಕೊಂಡ ಹಾಗೆ ಅಂಟುತ್ತದೆ. ಟೆನ್ಷನ್ ಸ್ವಲ್ಪ ಹೆಚ್ಚಿಸಿ, ಮಿಸ್ಟ್ ಬಿಟ್ಟ ಒಂದು ನಿಮಿಷದ ನಂತರ ಟ್ರ್ಯಾಕಿಂಗ್ ಮತ್ತೆ ಸರಿಪಡಿಸಿ. ಪ್ಲೇಟನ್ ಮೇಲೆ, ಬೆಲ್ಟಿನ ಹಿಂದೆ, ಗ್ರಾಫೈಟ್ ಪಟ್ಟಿ ಅಂಟಿಸಿದ್ದರೆ ಒದ್ದೆ ಕೆಲಸಕ್ಕೆ ಅದನ್ನು ತೆಗೆಯಿರಿ. ಐಡ್ಲರ್ ವೀಲಿನ ಬೇರಿಂಗು ಝಡ್‌ಝಡ್ ಇದ್ದರೆ, ಅಂದರೆ ತಗಡಿನ ಮುಚ್ಚಳದ್ದಾದರೆ, ಲೋಹದ ಪುಡಿ ಬೆರೆತ ನೀರು ಒಳಗೆ ನುಗ್ಗಿ ಬೇಗ ಅರಚಲು ಶುರುಮಾಡುತ್ತದೆ. ಅದೇ ನಂಬರಿನ 2ಆರ್‌ಎಸ್, ರಬ್ಬರ್ ಸೀಲಿನದು, ಹಾಕಿಸಿ.

ನೀರು ಎಲ್ಲಿ ಹಾರುತ್ತದೆ ಎಂದರೆ ಬೆಲ್ಟು ಸುತ್ತು ತೆಗೆದುಕೊಳ್ಳುವ ಕೆಳಗಿನ ವೀಲಿನಲ್ಲಿ ಮತ್ತು ಡ್ರೈವ್ ವೀಲಿನಲ್ಲಿ. ಕೆಳಗಿನ ವೀಲಿಗೆ ಮೂರು ಕಡೆ ತಗಡಿನ ಮರೆ ಕಟ್ಟಿ, ಬೆಲ್ಟಿನಿಂದ 2–3 ಮಿ.ಮೀ. ದೂರದಲ್ಲಿ ಲಾರಿ ಮಡ್‌ಗಾರ್ಡಿನ ರಬ್ಬರ್ ತುಂಡೊಂದನ್ನು ಇಳಿಬಿಡಿ. ಹನಿ ಅಲ್ಲೇ ತಡೆದು ಕೆಳಗಿನ ಟ್ರೇಗೆ ಬೀಳುತ್ತದೆ. ಟ್ರೇಗೆ ಸ್ವಲ್ಪ ಇಳಿಜಾರು ಕೊಟ್ಟು ಬಕೆಟ್ಟಿಗೆ ಬಿಡಿ. ಒಣ ಧೂಳಿಗೆಂದು ಹಾಕಿದ ವ್ಯಾಕ್ಯೂಮ್ ಪೈಪನ್ನು ಮಿಸ್ಟ್ ಓಡುವಾಗ ಮುಚ್ಚಿಡಿ, ಇಲ್ಲದಿದ್ದರೆ ಒಳಗೆಲ್ಲ ಕೆಸರು ಕಟ್ಟುತ್ತದೆ. ಬಕೆಟ್ಟಿನಲ್ಲಿ ಕೂತ ಕೆಸರನ್ನು ಚರಂಡಿಗೂ ತೋಟಕ್ಕೂ ಸುರಿಯಬೇಡಿ. ನೀರು ಬಸಿದು ಕೆಸರನ್ನು ಅಗಲ ತಟ್ಟೆಯಲ್ಲಿ ಹರಡಿ ಒಣಗಿಸಿ ಗುಜರಿಗೆ ಕೊಡಿ. ಒದ್ದೆ ಕಬ್ಬಿಣದ ಪುಡಿಯನ್ನು ಗುಡ್ಡೆ ಹಾಕಿ ಬಿಟ್ಟರೆ ತುಕ್ಕು ಹಿಡಿಯುತ್ತಾ ತಾನೇ ಬಿಸಿಯಾಗುತ್ತದೆ, ಅದರ ಪಕ್ಕದಲ್ಲಿ ಎಣ್ಣೆ ಬಟ್ಟೆ ಇರಬಾರದು.

ಅಲಗಿನ ವಿಷಯ: ಕಮಾನು ಪಟ್ಟಿ, ಇಎನ್ 31 ಎರಡೂ ಹತ್ತೇ ನಿಮಿಷಕ್ಕೆ ಕೆಂಪು ತುಕ್ಕು ತೋರಿಸಬಲ್ಲವು. ಉಜ್ಜಿದ್ದು ಮುಗಿದ ಕೂಡಲೇ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಒದ್ದೆ ಅಲಗು ಕೈಯಿಂದ ಜಾರುತ್ತದೆ ಎಂದು ಬಟ್ಟೆಯ ಗ್ಲೌಸ್ ಹಾಕಿಕೊಳ್ಳಬೇಡಿ. ಬೆಲ್ಟು ಮೊದಲು ಎಳೆಯುವುದು ಗ್ಲೌಸನ್ನೇ. ಮ್ಯಾಗ್ನೆಟ್ ಹಿಡಿ ಅಥವಾ ಮರದ ಪಟ್ಟಿಗೆ ಕ್ಲಾಂಪ್ ಮಾಡಿ ಹಿಡಿಯಿರಿ.

ಕರೆಂಟು

ನಿಮ್ಮ ಭಯ ಸರಿಯಾದದ್ದೇ. ಮೋಟಾರು ಟಿಇಎಫ್‌ಸಿ (ಪೂರ್ತಿ ಮುಚ್ಚಿದ, ಹೊರಗಿನ ಫ್ಯಾನಿನದು), ಐಪಿ 55 (ಐಪಿ ಎಂದರೆ ಧೂಳು, ನೀರು ತಡೆಯುವ ದರ್ಜೆ) ಆಗಿದ್ದರೆ ಹನಿಗೆ ಹೆದರಬೇಕಿಲ್ಲ. ವಿಎಫ್‌ಡಿ ಮಾತ್ರ ಬಹುತೇಕ ಐಪಿ 20, ನೀರು ತಡೆಯುವುದಿಲ್ಲ. ಸೀಳುಗಳಿಂದ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಮಿಸ್ಟೂ ಲೋಹದ ಪುಡಿಯೂ ಒಳಗೆ ಹೋಗಿ ಬೋರ್ಡಿನ ಮೇಲೆ ಕೂರುತ್ತವೆ. ಅದು ಗ್ರೈಂಡರಿನ ಸ್ಟ್ಯಾಂಡಿನ ಮೇಲಿದ್ದರೆ ಇಂದೇ ಇಳಿಸಿ, ಎಕ್ಸಾಸ್ಟಿಗೆ ಎದುರು ಕಡೆಯ ಗೋಡೆಗೆ, ಕನಿಷ್ಠ ಒಂದೂವರೆ ಮೀಟರ್ ದೂರಕ್ಕೆ ಒಯ್ಯಿರಿ. ಪೂರ್ತಿ ಮುಚ್ಚಿದ ಸಣ್ಣ ಡಬ್ಬಿಯಲ್ಲಿ ಹಾಕಿದರೆ ಬೇರೆ ತೊಂದರೆ: 2 ಎಚ್‌ಪಿಯ ಡ್ರೈವ್ ತಾನೇ 50–75 ವ್ಯಾಟ್ ಬಿಸಿ ಬಿಡುತ್ತದೆ, ಹೊರಗೆ 40 ಡಿಗ್ರಿ ಇರುವಾಗ ಡಬ್ಬಿಯೊಳಗೆ ಅದು ಟ್ರಿಪ್ ಆಗುತ್ತದೆ. ದೊಡ್ಡ ಡಬ್ಬಿ, ಫಿಲ್ಟರ್ ಇರುವ ಫ್ಯಾನ್ ಹಾಕಿ.

ಗ್ರೈಂಡರಿನ ಫ್ರೇಮು, ಮೋಟಾರಿನ ಬಾಡಿ, ಕಬ್ಬಿಣದ ಟೇಬಲ್ಲು ಎಲ್ಲಕ್ಕೂ 2.5 ಚದರ ಮಿ.ಮೀ. ಹಸಿರು ವೈರು ಬೇರೆ ಬೇರೆಯಾಗಿ ಅರ್ತ್ ಬಾರಿಗೆ ಬರಲಿ. ಅರ್ತ್ ಪಿಟ್ ಬೇಸಿಗೆಯಲ್ಲಿ ಒಣಗಿಹೋಗಿದ್ದರೆ ವೈರು ಇದ್ದೂ ಉಪಯೋಗವಿಲ್ಲ, ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಆದರೆ ವಿಎಫ್‌ಡಿ ಇರುವ ಲೈನಿಗೆ ಮನೆಯ ಸಾಮಾನ್ಯ ಎಸಿ ಟೈಪ್ ಸರಿಹೋಗುವುದಿಲ್ಲ: ಸುಮ್ಮಸುಮ್ಮನೆ ಟ್ರಿಪ್ ಆಗಬಹುದು, ಬೇಕಾದಾಗ ಆಗದೆಯೂ ಇರಬಹುದು. ಡ್ರೈವಿನ ಮ್ಯಾನ್ಯುಯಲ್ ಹೇಳಿದ ಟೈಪನ್ನೇ, ಸಾಮಾನ್ಯವಾಗಿ ಬಿ ಟೈಪ್, ಹಾಕಿಸಿ. ವಿಎಫ್‌ಡಿ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕೆಲವು ನಿಮಿಷ ಚಾರ್ಜ್ ಇರುತ್ತದೆ, ಕೂಡಲೇ ಮುಚ್ಚಳ ತೆಗೆದು ಕೈ ಹಾಕಬೇಡಿ.

ಹಿಡಿಯ ಕೆಲಸ

ಮರವನ್ನು ಮಿಸ್ಟಿನಲ್ಲಿ ಉಜ್ಜಬೇಡಿ. ಎಳೆ ಎದ್ದು, ಉಬ್ಬಿ, ಒಣಗಿದ ಮೇಲೆ ಪಿನ್ನಿನ ಸುತ್ತ ಸಂದು ಬಿಡುತ್ತದೆ. ಮಿಕಾರ್ಟಾ, ಜಿ10 (ಬಟ್ಟೆ ಅಥವಾ ಗಾಜಿನ ನಾರನ್ನು ರೆಸಿನ್‌ನಲ್ಲಿ ಒತ್ತಿದ ಹಲಗೆಗಳು) ಮಾತ್ರ ಮಿಸ್ಟಿನಲ್ಲೇ ಉಜ್ಜಿ. ಅವುಗಳ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರು ಅದನ್ನು ಹಿಡಿದಿಡುತ್ತದೆ. ಕಬ್ಬಿಣದಿಂದ ಮರಕ್ಕೆ ಬದಲಾಗುವಾಗ ಬೆಲ್ಟು ಬದಲಿಸಿ, ಟ್ರೇ ಖಾಲಿ ಮಾಡಿ. ಮರದ ಪುಡಿ ತುಂಬಿದ ಟ್ರೇಗೆ ಆಮೇಲೆ ಕಬ್ಬಿಣದ ಕಿಡಿ ಬಿದ್ದರೆ ಒಳಗೊಳಗೇ ಹೊಗೆಯಾಡುತ್ತದೆ, ನೀವು ಊಟಕ್ಕೆ ಹೋದಾಗ ಹೊತ್ತಿಕೊಳ್ಳುತ್ತದೆ. ಬೋಲ್ಸ್ಟರಿಗೆಂದು (ಹಿಡಿಗೂ ಅಲಗಿಗೂ ನಡುವಿನ ಲೋಹದ ತುಂಡು) ಅಲ್ಯೂಮಿನಿಯಂ ತುಂಡು ಉಜ್ಜುವ ಯೋಚನೆ ಇದ್ದರೆ ಈ ಮಷೀನಿನಲ್ಲಿ ಬೇಡ. ಅದರ ಪುಡಿ ನೀರಿನೊಡನೆ ಹೈಡ್ರೋಜನ್ ಬಿಡುತ್ತದೆ, ತುಕ್ಕು ಹಿಡಿದ ಕಬ್ಬಿಣದ ಪುಡಿಯೊಡನೆ ಬೆರೆತರೆ ಒಂದು ಕಿಡಿಗೆ ಥರ್ಮೈಟಿನಂತೆ ಉರಿಯುತ್ತದೆ. ಹಿತ್ತಾಳೆ ಬೋಲ್ಸ್ಟರ್ ಹಾಕಿ, ಅದನ್ನು ಮಿಸ್ಟಿನಲ್ಲೇ ಉಜ್ಜಬಹುದು.